ಓದುಗರ ಪ್ರಶ್ನೆ: ಹೊಸ ಏರ್ ಪಿಸ್ತೂಲ್ ಕೈಗೆ ಒಗ್ಗುವ ತನಕ

ಪ್ರಶ್ನೆ: ಮಗಳು ಇಷ್ಟು ದಿನ ಕ್ಲಬ್ಬಿನ ಏರ್ ಪಿಸ್ತೂಲಿನಲ್ಲೇ 10 ಮೀಟರ್ ಅಭ್ಯಾಸ ಮಾಡುತ್ತಿದ್ದಳು. ಈಗ ಅವಳಿಗೆಂದೇ ಹೊಸದೊಂದನ್ನು ಕೊಡಿಸಿದ್ದೇವೆ. ಆದರೆ ಹಳೆಯದರಲ್ಲಿ ಬರುತ್ತಿದ್ದಷ್ಟು ಅಂಕವೂ ಇದರಲ್ಲಿ ಬರುತ್ತಿಲ್ಲ. ಪಿಸ್ತೂಲಿನಲ್ಲೇ ದೋಷವಿರಬಹುದೆ?
— ಮೈಸೂರು

ಉತ್ತರ: ದೋಷ ಇರುವ ಸಾಧ್ಯತೆ ಕಡಿಮೆ. ಹಿಡಿ ಇನ್ನೂ ಅವಳ ಕೈಗೆ ಕೂತಿಲ್ಲ, ಅಷ್ಟೆ. ಒಂದೆರಡು ವಾರ ಗುರಿಹಲಗೆಯನ್ನು ಮರೆತು ಹಿಡಿಯ ಕೆಲಸ ಮಾಡಿ.

ಮೊದಲು ಕೊಳವೆಯ ಹಿಂಬಾಯಿ ತೆರೆದು, ಒಳಗೆ ಪೆಲೆಟ್ (ಸೀಸದ ಪುಟ್ಟ ಗುಂಡು) ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಬೇಕು. ಕೊಳವೆಯ ಮುಂಬಾಯಿ ಯಾವಾಗಲೂ ಗೋಡೆಯ ಕಡೆಗೇ ಇರಲಿ. ಈಗ ಮಗಳು ಅಭ್ಯಾಸದ ಭಂಗಿಯಲ್ಲಿ ನಿಂತು, ಕಣ್ಣು ಮುಚ್ಚಿ ಕೈ ಎತ್ತಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಲಿ. ಮುಂದಿನ ಸೈಟ್ (ಗುರಿ ಹಿಡಿಯುವ ಕಡ್ಡಿ) ಹಿಂದಿನ ಸೈಟಿನ ಕಚ್ಚಿನ ನಡುವೆ, ಎರಡು ಪಕ್ಕಕ್ಕೂ ಸಮ ಬೆಳಕು ಬಿಟ್ಟು ಕಾಣಬೇಕು. ಎಡಕ್ಕೋ ಬಲಕ್ಕೋ ಸರಿದಿದ್ದರೆ ಮಣಿಕಟ್ಟು ತಿರುಚಿ ಸರಿಮಾಡಬಾರದು. ಹಿಡಿಯ ಸ್ಕ್ರೂ ಸ್ವಲ್ಪ ಸಡಿಲಿಸಿ ಹಿಡಿಯನ್ನೇ ಕೂದಲೆಳೆಯಷ್ಟು ತಿರುಗಿಸಿ, ಬಿಗಿಮಾಡಿ, ಮತ್ತೆ ಕಣ್ಣು ಮುಚ್ಚಿ ನೋಡಬೇಕು. ಸೈಟ್‌ಗಳು ಒಂದಕ್ಕೊಂದು ಸರಿಯಾಗಿದ್ದು ಪಿಸ್ತೂಲೇ ಗುರಿಯಿಂದ ಪಕ್ಕಕ್ಕೆ ನೋಡುತ್ತಿದ್ದರೆ ಹಿಡಿಯನ್ನು ಮುಟ್ಟಬೇಡಿ, ಅದು ಪಾದದ ಲೆಕ್ಕ. ಹಿಂದಿನ ಕಾಲನ್ನು ಒಂದಿಷ್ಟು ಸರಿಸಿದರೆ ಸಾಕು. ಇವೆರಡನ್ನೂ ಬೆರೆಸಿಕೊಂಡು ತಿಂಗಳುಗಟ್ಟಲೆ ಒದ್ದಾಡುವವರು ಬಹಳ.

ಅಂಗೈ ಕೆಳಗಿನ ತಟ್ಟೆ ಕೈಯ ಅಂಚನ್ನು ಮುಟ್ಟಿದರೆ ಸಾಕು, ಹಿಂಡಬಾರದು. ಬಿಗಿಯಾದರೆ ಸ್ವಲ್ಪ ಹೊತ್ತಿಗೇ ಬೆರಳು ಜೋಮು ಹಿಡಿಯುತ್ತದೆ. ಟ್ರಿಗರ್ ಮೇಲಿನ ಬೆರಳು ಮರಕ್ಕೆ ಎಲ್ಲಿಯೂ ತಾಗಕೂಡದು. ತಾಗಿದರೆ ಎಳೆದಾಗ ಪಿಸ್ತೂಲೂ ಜೊತೆಗೇ ಜರುಗುತ್ತದೆ. ತಾಗುವ ಜಾಗವನ್ನು ಮರಳುಕಾಗದದಿಂದ ಉಜ್ಜಿ, ಖಾಲಿ ಉಳಿಯುವ ಜಾಗಕ್ಕೆ ವುಡ್ ಫಿಲ್ಲರ್ ಮೆತ್ತಿ. ದುಬಾರಿ ವಾಲ್‌ನಟ್ ಮರದ ಹಿಡಿಯನ್ನು ಉಜ್ಜಲು ಮನಸ್ಸು ಬಾರದು, ನಿಜ. ಆದರೆ ಅಚ್ಚುಕಟ್ಟಾಗಿ ಹೊಳೆಯುವ ಹಿಡಿಗಿಂತ ತೇಪೆ ಬಿದ್ದ ಹಿಡಿಯೇ ಅಂಕ ತರುತ್ತದೆ.

ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, ಸ್ಪರ್ಧೆಯಲ್ಲಿ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಪೆಲೆಟ್ ಇಲ್ಲದೆ ಕಾಕ್ ಮಾಡಿ (ಹಾರಿಸಲು ಅಣಿಗೊಳಿಸಿ), ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ 500 ಗ್ರಾಂ ತೂಕದ ಬಟ್ಟು ಸಿಕ್ಕಿಸಿ ನಿಧಾನವಾಗಿ ಎತ್ತಿ. ಆ ತೂಕಕ್ಕೆ ಟ್ರಿಗರ್ ಬಿಟ್ಟುಕೊಳ್ಳಬಾರದು. ಸರಿಯಾಗಿ 500ಕ್ಕೇ ನಿಲ್ಲಿಸದೆ 510–520ಕ್ಕೆ ಇಟ್ಟುಕೊಂಡರೆ ತಪಾಸಣೆಯ ಮೇಜಿನ ಮುಂದೆ ಗಾಬರಿ ಇರದು.

ಆಮೇಲೆ ಬಿಳಿ ಗೋಡೆಯ ಮುಂದೆ ಡ್ರೈ ಫೈರಿಂಗ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ದಿನಕ್ಕೆ 30–40 ಸಲ. ಗೋಡೆಯ ಮೇಲೆ ಯಾವ ಗುರುತೂ ಬೇಡ; ಕಣ್ಣು ಮುಂದಿನ ಸೈಟಿನ ಮೇಲೇ ನೆಟ್ಟಿರಲಿ. ಟ್ರಿಗರ್ ಬಿಟ್ಟ ಗಳಿಗೆಯಲ್ಲಿ ಸೈಟ್ ಕದಲಿತೇ ಎಂಬುದನ್ನಷ್ಟೇ ಗಮನಿಸಬೇಕು. ಎತ್ತಿ ಹತ್ತು ಸೆಕೆಂಡಾದರೂ ಬಿಡಲಾಗದಿದ್ದರೆ ಕೈ ಇಳಿಸಿಬಿಡಲಿ. ಒಂದು ಎಚ್ಚರ: ಇದು ಡ್ರೈ ಫೈರಿಂಗ್ ವ್ಯವಸ್ಥೆ ಇರುವ ಮ್ಯಾಚ್ (ಸ್ಪರ್ಧೆಯ) ಪಿಸ್ತೂಲಿಗೆ ಹೇಳಿದ್ದು. ಸ್ಪ್ರಿಂಗ್‌ನ ಅಗ್ಗದ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಪಿಸ್ಟನ್ ತಡೆಯಿಲ್ಲದೆ ಹೋಗಿ ಗುದ್ದಿ, ಸೀಲು ಹಾಳಾಗುತ್ತದೆ.

ಪ್ರಶ್ನೆ: ಗುಂಡುಗಳೆಲ್ಲ ಎಡಗಡೆ ಕೆಳಕ್ಕೆ ಬೀಳುತ್ತಿವೆ. ಸೈಟ್ ತಿರುಗಿಸಲೆ? ನಾನು ಬಲಗೈಯವನು.
— ದಾವಣಗೆರೆ

ಉತ್ತರ: ಈಗಲೇ ಬೇಡ. ಬಲಗೈಯವರಿಗೆ ಎಡ–ಕೆಳ ಎಂದರೆ ಹೆಚ್ಚಾಗಿ ಟ್ರಿಗರನ್ನು ಕಿತ್ತೆಳೆಯುವ ಚಾಳಿ, ಇಲ್ಲವೆ ಎಳೆಯುವ ಹೊತ್ತಿಗೆ ಮುಷ್ಟಿಯನ್ನೂ ಬಿಗಿಯುವುದು. ಸೈಟ್ ತಿರುಗಿಸಿದರೆ ತಪ್ಪು ಮುಚ್ಚಿಹೋಗುತ್ತದೆ, ಸರಿಯಾಗಿ ಎಳೆದ ದಿನ ಗುಂಡು ಬಲಕ್ಕೆ ಮೇಲೆ ಬೀಳುತ್ತದೆ. ನಿಮಗೆ ಗೊತ್ತಾಗದಂತೆ ಬೇರೆಯವರಿಂದ ಕೆಲವು ಸಲ ಪೆಲೆಟ್ ಹಾಕಿಸಿ, ಕೆಲವು ಸಲ ಖಾಲಿ ಕೊಡಿಸಿ. ಖಾಲಿ ಬಂದಾಗ ಸೈಟ್ ಕೆಳಕ್ಕೆ ಕುಸಿದರೆ ಕಾರಣ ಕೈಯಲ್ಲೇ ಇದೆ. ಕುಸಿಯದಿದ್ದರೆ ಐದೈದು ಗುಂಡಿನ ಮೂರು ಗುಂಪು ಹಾರಿಸಿ, ಗುಂಪಿನ ನಡುವಿನಿಂದ ಅಳೆಯಿರಿ. 10 ಮೀಟರ್ ಪಿಸ್ತೂಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ.; ಅಲ್ಲಿಂದ ಹೊರಕ್ಕೆ ಒಂದೊಂದು ವೃತ್ತಕ್ಕೂ 8 ಮಿ.ಮೀ. ದೂರ. ಸೈಟಿನ ತಿರುಪಿನ ಒಂದು ಕ್ಲಿಕ್‌ಗೆ ಗುಂಡು ಎಷ್ಟು ಸರಿಯುತ್ತದೆಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಕೈಪಿಡಿ ನೋಡಿ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೆ ಸರಿಸಬೇಕು.

ಪ್ರಶ್ನೆ: ಏರ್ ಪಿಸ್ತೂಲಿನ ಗಾಳಿ ಸಿಲಿಂಡರನ್ನು ಕೈಪಂಪಿನಲ್ಲಿ ತುಂಬಬಹುದೆ?
— ಮಂಗಳೂರು

ಉತ್ತರ: ತುಂಬಬಹುದು. ಆದರೆ ನಿಮ್ಮೂರಿನ ಗಾಳಿಯಲ್ಲಿರುವ ತೇವವೂ ಜೊತೆಗೇ ಒಳಹೋಗಿ ವಾಲ್ವ್‌ಗೆ ತುಕ್ಕು ತರುತ್ತದೆ. ಡೈವಿಂಗ್ ಸಿಲಿಂಡರಿನ ಒಣಗಾಳಿಯೇ ಒಳ್ಳೆಯದು. ಹೆಚ್ಚಿನ ಮ್ಯಾಚ್ ಪಿಸ್ತೂಲುಗಳಿಗೆ ಒತ್ತಡದ ಮಿತಿ 200 ಬಾರ್. ನಿಧಾನವಾಗಿ ತುಂಬಿ. ರಭಸದಿಂದ ತುಂಬಿದರೆ ಬಿಸಿಯಾಗಿ ಮುಳ್ಳು 200 ತೋರಿಸಿ, ತಣಿದ ಮೇಲೆ ಇಳಿಯುತ್ತದೆ. ಇಳಿಯಿತೆಂದು ಸೋರಿಕೆ ಹುಡುಕುತ್ತ ಕೂರಬೇಡಿ. ಸಿಲಿಂಡರನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಪಕ್ಕಡ್ ಬೇಡ. ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಯಾವ ಕಾರಣಕ್ಕೂ ಕೂಡದು, ಎಣ್ಣೆ–ಗ್ರೀಸಿನ ಪಸೆಗೆ ತಗುಲಿದರೆ ಸಿಡಿಯುತ್ತದೆ. ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕವನ್ನೂ ನೋಡಿಟ್ಟುಕೊಳ್ಳಿ. ಸಾಮಾನ್ಯವಾಗಿ 10 ವರ್ಷವೇ ಅದರ ಆಯಸ್ಸು.

ಪ್ರಶ್ನೆ: ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕೆ?
— ಗದಗ

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕೊಳವೆಯ ಒಳವ್ಯಾಸ 4.5 ಮಿ.ಮೀ. ಹಾಗೂ ಶಕ್ತಿ 20 ಜೌಲ್ ಮೀರದ ಏರ್ ಪಿಸ್ತೂಲಿಗೆ ಬೇಡ. ಮ್ಯಾಚ್ ಪಿಸ್ತೂಲಿನದು ಸುಮಾರು 6 ಜೌಲ್ ಅಷ್ಟೇ. ಆದರೂ ಕಣ್ಣಿಗೆ ಬಡಿದರೆ ಕಣ್ಣು ಹೋಗುತ್ತದೆ. ಖರೀದಿಯ ಬಿಲ್ ಜೋಪಾನವಾಗಿರಲಿ, ಪಿಸ್ತೂಲ್ ಬೀಗದೊಳಗಿರಲಿ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಕೂಡಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ತಿಂಡಿಗೆ ಕೂರಿ.