ಗುಳಿಗೆ ಒಲೆ: ತಪ್ಪು ಗುಳಿಗೆಯದಲ್ಲ

ಚಾರಣದ ಕಾಲ ಬಂತೆಂದರೆ ಅದೇ ಐದಾರು ಪ್ರಶ್ನೆಗಳು ವೇಷ ಬದಲಿಸಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತವೆ. ಗುಳಿಗೆ ಒಲೆ ಎಂದರೆ ಘನ ಇಂಧನದ ಪುಟ್ಟ ಗುಳಿಗೆಯನ್ನು ಉರಿಸಿ ನೀರು ಕಾಯಿಸುವ, ಮಡಚಿ ಒಯ್ಯಬಲ್ಲ ಒಲೆ. ಅದರ ಕಾಲು ಬಿಡಿಸುವುದು ಹೇಗೆ, ಕಡ್ಡಿ ಗೀರುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಬೆಟ್ಟ ಹತ್ತುವ ಮೊದಲು ಮನೆಯ ಅಂಗಳದಲ್ಲಿ ನಾಲ್ಕು ಸಲ ಹಚ್ಚಿ ನೋಡಲಿ.

ಪ್ರಶ್ನೆ: 14 ಗ್ರಾಂನ ಒಂದು ಗುಳಿಗೆ ಅರ್ಧ ಲೀಟರ್ ನೀರನ್ನು ಸುಮಾರು ಎಂಟು ನಿಮಿಷದಲ್ಲಿ ಕುದಿಸುತ್ತದೆ ಎನ್ನುತ್ತಾರೆ. ನಾನು ಬೆಟ್ಟದ ಮೇಲೆ ಎರಡು ಗುಳಿಗೆ ಸುಟ್ಟರೂ ನೀರು ಕುದಿಯಲಿಲ್ಲ. ಗುಳಿಗೆ ಹಳೆಯದೇ, ನಕಲಿಯೇ?

ಗುಳಿಗೆಯನ್ನು ಬೈಯುವ ಮೊದಲು ಪಾತ್ರೆಯನ್ನು ಮಗುಚಿ ತಳ ನೋಡಿ. ಕಂದು ಬಣ್ಣದ ಅಂಟುಕಲೆ ತಳದ ನಡುವೆ ದುಂಡಗೆ ಕೂತಿದ್ದರೆ ಮಾತ್ರ ಗುಳಿಗೆಯ ಮೇಲೆ ಸಂಶಯಪಡಿ. ಕಲೆ ಒಂದು ಬದಿಗೆ ವಾಲಿ, ಅಂಚು ದಾಟಿ, ಪಾತ್ರೆಯ ಪಕ್ಕೆಯ ಮೇಲೆ ನಾಲಗೆ ಚಾಚಿದ್ದರೆ ನಿಮ್ಮ ಶಾಖವನ್ನು ಗಾಳಿ ಹೊತ್ತುಕೊಂಡು ಹೋಗಿದೆ. ಒಮ್ಮೆ ಒಂದು ಕಣಿವೆಯ ಬಾಯಲ್ಲಿ ಮೂರು ಗುಳಿಗೆ ಸುಟ್ಟು, ಉಗುರುಬೆಚ್ಚಗಿನ ನೀರು ಕುಡಿದು ಮಲಗಿದವನು ನಾನು. ಬೆಳಿಗ್ಗೆ ಪಾತ್ರೆ ಉಜ್ಜುವಾಗ ಕಂಡದ್ದು ಇದೇ ನಾಲಗೆ.

ಲೆಕ್ಕ ಸರಳ. ಗುಳಿಗೆಯಲ್ಲಿರುವ ಹೆಕ್ಸಮೈನ್ ಎಂಬ ಇಂಧನ ಗ್ರಾಂಗೆ ಸುಮಾರು 30 ಕಿಲೋಜೂಲ್ ಶಾಖ ಕೊಡುತ್ತದೆ. 14 ಗ್ರಾಂಗೆ 420. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ 100ಕ್ಕೆ ಏರಿಸಲು ಬೇಕಾದದ್ದು ಸುಮಾರು 167. ಅಂದರೆ ಶಾಖದ ನೂರರಲ್ಲಿ ನಲವತ್ತು ಪಾಲು ನೀರಿಗೆ ತಲುಪಿದರೆ ಸಾಕು. ಆದರೆ ಆ ನಲವತ್ತು ಪಾಲು ಸುಮ್ಮನೆ ತಲುಪುವುದಿಲ್ಲ. 12 ನಿಮಿಷ ಉರಿಯುವ ಈ ಗುಳಿಗೆಯ ಬಲ 600 ವ್ಯಾಟ್ ಕೂಡ ಇಲ್ಲ. ಚಾರಣದ ಸಾಧಾರಣ ಗ್ಯಾಸ್ ಒಲೆಯದು ಎರಡೂವರೆ ಸಾವಿರದ ಆಸುಪಾಸು. ಗ್ಯಾಸ್ ಜ್ವಾಲೆಯನ್ನು ಹಿಂದಿನಿಂದ ಒತ್ತಡ ತಳ್ಳುತ್ತದೆ. ಗುಳಿಗೆಯದು ಕರಗದೆ ನೇರವಾಗಿ ಆವಿಯಾಗಿ ಉರಿಯುವ ಸೋಮಾರಿ ಜ್ವಾಲೆ. ನಡುಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣಿಸದು. ಕೆನ್ನೆಗೆ ತಾಕದಷ್ಟು ಮೆಲುಗಾಳಿಯೂ ಅದನ್ನು ತಳದಿಂದ ಆಚೆಗೆ ಬಾಗಿಸುತ್ತದೆ.

ಆದ್ದರಿಂದ ಗಾಳಿಮರೆ ಬೇಕೇ ಬೇಕು. ದಪ್ಪ ಅಲ್ಯೂಮಿನಿಯಂ ಹಾಳೆಯನ್ನು ಎರಡು ಪದರ ಮಡಚಿ, ಪಾತ್ರೆಯ ಸುತ್ತ ಒಂದು ಬೆರಳಿನಷ್ಟು ಅಂತರ ಬಿಟ್ಟು, ಪಾತ್ರೆಯ ಮುಕ್ಕಾಲು ಎತ್ತರದವರೆಗೆ ಬರುವಂತೆ ಸುತ್ತಿ. ಬುಡದಲ್ಲಿ ಕೆಲವು ತೂತುಗಳಿರಲಿ. ಉಸಿರು ಕಟ್ಟಿದ ಬೆಂಕಿ ಶಾಖ ಕಡಿಮೆ ಕೊಡುತ್ತದೆ, ವಿಷ ಹೆಚ್ಚು ಕಕ್ಕುತ್ತದೆ. ಒಲೆಯ ಸುತ್ತ ಮರೆ ಕಟ್ಟಿದರೆ ಸಿಡಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಡಬ್ಬಿಯ ಮೇಲೆಯೇ ಕೂರುವ ಗ್ಯಾಸ್ ಒಲೆಗೆ ಸಲ್ಲುವ ಎಚ್ಚರಿಕೆ. ಇಲ್ಲಿ ಸಿಡಿಯಲು ಡಬ್ಬಿಯೇ ಇಲ್ಲ.

ಗುಳಿಗೆಗೂ ತಳಕ್ಕೂ ಎರಡು ಬೆರಳಿನಷ್ಟು ದೂರವಿರಲಿ. ಮುಚ್ಚಳ ಹಾಕಿ, ಕುದಿಯಿತೇ ಎಂದು ನಿಮಿಷಕ್ಕೊಮ್ಮೆ ಇಣುಕಬೇಡಿ. ಕಿರಿದಾಗಿ ಎತ್ತರವಿರುವ ಪಾತ್ರೆಗಿಂತ ಅಗಲ ತಳದ್ದು ಮೇಲು. ತೊರೆಯ 5 ಡಿಗ್ರಿಯ ನೀರು ತುಂಬಿದ್ದರೆ ಸುಮಾರು ಐದನೇ ಒಂದು ಪಾಲು ಶಾಖ ಹೆಚ್ಚು ಬೇಕು ಎಂಬುದೂ ನೆನಪಿರಲಿ. ಬಿಸಿಲಿದ್ದರೆ ನೀರಿನ ಸೀಸೆಯನ್ನು ಮೊದಲೇ ಬಂಡೆಯ ಮೇಲಿಡಿ, ಅಷ್ಟು ಇಂಧನ ಉಳಿಯಿತು.

ಇನ್ನು ಹಳತಾಗುವ ಮಾತು. ಮೊಹರು ಒಡೆಯದ ಗುಳಿಗೆ ವರ್ಷಗಟ್ಟಲೆ ಕೆಡುವುದಿಲ್ಲ. ಒಡೆದದ್ದು ತೇವ ಹೀರಿಕೊಳ್ಳುತ್ತದೆ. ಹಚ್ಚಲು ಸತಾಯಿಸಿ, ಹೊತ್ತಿಕೊಂಡ ಮೇಲೆ ಚಟಪಟ ಎಂದು ಕಿಡಿ ಹಾರಿಸುತ್ತದೆ. ಹಾಗೆ ಚಟಪಟ ಎಂದಿಲ್ಲವಾದರೆ ಗುಳಿಗೆ ನಿರಪರಾಧಿ.

ಪ್ರಶ್ನೆ: ಕಾಳು ಬೇಯಿಸಲು ಎಷ್ಟು ಗುಳಿಗೆ ಬೇಕು?

ಬೇಯಿಸಬೇಡಿ. 1936ರಲ್ಲಿ ಜರ್ಮನಿಯ ಎರಿಕ್ ಶುಮ್ ಈ ಗುಳಿಗೆಯನ್ನು ರೂಪಿಸಿದರು. ಅದು ಮಾರಾಟವಾಗುವ ಎಸ್‌ಬಿಟ್ ಎಂಬ ಹೆಸರೇ ‘ಗುಳಿಗೆ ರೂಪದ ಎರಿಕ್ ಶುಮ್ ಇಂಧನ’ ಎಂಬುದರ ಜರ್ಮನ್ ಸಂಕ್ಷೇಪ. ಇದು ನೀರು ಕಾಯಿಸುವ, ಬೆಂದದ್ದನ್ನು ಬಿಸಿ ಮಾಡುವ ಸಾಧನ. ಉರಿ ಏರಿಸುವ, ತಗ್ಗಿಸುವ ತಿರುಪು ಇದಕ್ಕಿಲ್ಲ. ಮೊದಲೇ ಬೇಯಿಸಿ ಒಣಗಿಸಿದ ಆಹಾರ ಒಯ್ಯಿರಿ, ಕುದಿನೀರು ಸುರಿದು ಪಾತ್ರೆಯನ್ನು ಉಣ್ಣೆಯ ಟೋಪಿಯಲ್ಲಿ ಸುತ್ತಿಡಿ. 3000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ನೆನೆಸುವ ಹೊತ್ತನ್ನೂ ಹೆಚ್ಚಿಸಿ.

ಪ್ರಶ್ನೆ: ಹೊಗೆಯೇ ಇಲ್ಲವಲ್ಲ, ಮಳೆಯಿದ್ದರೆ ಡೇರೆಯೊಳಗೆ ಹಚ್ಚಬಹುದೇ?

ಕೂಡದು. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ರೋಸಿಹೋಗಿದೆ. ಹೊಗೆ ಕಾಣುವುದಿಲ್ಲ ಎಂದರೆ ವಿಷವಿಲ್ಲ ಎಂದಲ್ಲ. ಉರಿಯುವಾಗ ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಸಾರಜನಕದ ಆಕ್ಸೈಡ್‌ಗಳು, ಹೈಡ್ರೋಜನ್ ಸಯನೈಡ್ ಹೊರಬರುತ್ತವೆ. ಮೂಗಿಗೆ ಬಡಿಯುವ ಮೀನಿನಂಥ ವಾಸನೆ ಸುಮ್ಮನೆ ಬರುವುದಲ್ಲ. ಇದೇ ಹೆಕ್ಸಮೈನನ್ನು ಮೂತ್ರದ ಸೋಂಕಿಗೆ ಔಷಧವಾಗಿ ಕೊಡುತ್ತಾರೆ, ಹಾಗಾಗಿ ನಿರಪಾಯ ಎಂದು ಒಬ್ಬ ಚಾರಣ ಪಂಡಿತ ನನಗೇ ಪಾಠ ಹೇಳಿದ. ಔಷಧವೇನೋ ನಿಜ. ಅದು ಕೆಲಸ ಮಾಡುವುದೇ ಆಮ್ಲೀಯ ಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಬಿಡುವುದರಿಂದ. ಅಳತೆ ಮಾಡಿ ನುಂಗುವ ಮಾತ್ರೆಯನ್ನು ತೋರಿಸಿ, ಮುಚ್ಚಿದ ಡೇರೆಯಲ್ಲಿ ಬೆಂಕಿಯ ಆವಿ ಕುಡಿಸಲು ಹೊರಟವನಿಗೆ ಏನು ಹೇಳುವುದು? ಮಳೆಯಲ್ಲಿ ಸಿಕ್ಕಿಕೊಂಡರೆ ತಣ್ಣಗಿನದನ್ನೇ ತಿಂದು ಮಲಗಿ. ನನ್ನದು ಅತಿ ಎಚ್ಚರ ಎನ್ನುವವರು ಎನ್ನಲಿ.

ಪ್ರಶ್ನೆ: ಗುಳಿಗೆ ಬೇಗ ಹೊತ್ತಿಕೊಳ್ಳಲು ಸ್ವಲ್ಪ ಪೆಟ್ರೋಲ್ ಹಾಕಬಹುದೇ?

ಹುಬ್ಬು ಬೇಡವಾಗಿದ್ದರೆ ಹಾಕಿ. ಬೇಕಿದ್ದರೆ ಗುಳಿಗೆಯ ಒಂದು ಮೂಲೆಯನ್ನು ಕೆರೆದು, ಅಲ್ಲಿಗೆ ಕಡ್ಡಿ ಹಿಡಿಯಿರಿ.

ಪ್ರಶ್ನೆ: ಗುಳಿಗೆಯ ಬದಲು ಕರ್ಪೂರ?

ಮಸಿ ತಿನ್ನುವ ಆಸೆಯಿದ್ದರೆ.

ಪ್ರಶ್ನೆ: ಅರ್ಧ ಉರಿದದ್ದನ್ನು ಮತ್ತೆ ಬಳಸಬಹುದೇ?

ಬಳಸಬಹುದು. ಊದಿ ಆರಿಸಿ, ಆದರೆ ಆರಿದ ಕ್ಷಣ ಏಳುವ ಆವಿಯ ಮೇಲೆ ಮುಖವಿಡಬೇಡಿ. ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಪ್ರಶ್ನೆ: ವಿಮಾನದಲ್ಲಿ ಒಯ್ಯಬಹುದೇ?

ಇಲ್ಲ. ಕೈಚೀಲದಲ್ಲೂ ಇಲ್ಲ, ಒಪ್ಪಿಸುವ ಸಾಮಾನಿನಲ್ಲೂ ಇಲ್ಲ, ಕಾಲುಚೀಲದೊಳಗೆ ಬಚ್ಚಿಟ್ಟೂ ಇಲ್ಲ. ಇದು ಉರಿಯುವ ಘನವಸ್ತು. ಒಲೆಯನ್ನು ಚೆನ್ನಾಗಿ ತೊಳೆದು ಒಯ್ಯಿರಿ, ಗುಳಿಗೆಯನ್ನು ಇಳಿದ ಮೇಲೆ ಕೊಳ್ಳಿ.