ಒಂದೇ ಪಳೆಯುಳಿಕೆ ಹಿಡಿದು ವಾದಕ್ಕೆ ಹೋಗಬೇಡಿ

10ನೇ ತರಗತಿಗೆ ಜೀವವಿಕಾಸದ ಪಾಠ ಮಾಡಿದ್ದಕ್ಕೆ ಊರಿನ ಹಿರಿಯರು ತಕರಾರು ತೆಗೆದಿದ್ದಾರೆ, ಎಲ್ಲ ಜೀವಿಗಳೂ ಈಗಿರುವ ರೂಪದಲ್ಲೇ ಸೃಷ್ಟಿಯಾದವು ಎನ್ನುವ ಅವರ ಬಾಯಿ ಮುಚ್ಚಿಸುವಂಥ ಒಂದು ಪಳೆಯುಳಿಕೆ ಯಾವುದು ಎಂದು ಬೀದರ್ ಜಿಲ್ಲೆಯ ಶಿಕ್ಷಕರಾದ ನೀವು ಕೇಳಿದ್ದೀರಿ. ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ನಾನೂ ಅಂಥದೊಂದನ್ನೇ ಹುಡುಕಿದೆ, ಸಿಕ್ಕಿತೆಂದು ನಂಬಿದೆ, ಅದನ್ನು ಹಿಡಿದುಕೊಂಡೇ ಪಾಲಕರ ಮುಂದೆ ನಿಂತೆ.

ಶಹಾಬಾದ್ ಫರ್ಸಿ ತೆಗೆಯುವ ಖಣಿಯಲ್ಲಿ ಸಿಕ್ಕ ಹಾಸುಗಲ್ಲು ಅದು. ಬೂದುಬಣ್ಣದ ಮೈಮೇಲೆ ಜರೀಗಿಡದ ಎಲೆಯೊಂದು ಕಪ್ಪಾಗಿ ಅಚ್ಚೊತ್ತಿದಂತಿತ್ತು: ನಡುವೆ ಕಡ್ಡಿ, ಕಡ್ಡಿಯ ಎರಡೂ ಬದಿಗೆ ಕವಲು, ಆ ಕವಲಿಗೆ ಮತ್ತೆ ಕವಲು. ಶಾಲೆಯ ಸ್ನೇಹಸಮ್ಮೇಳನದಲ್ಲಿ ಅದನ್ನು ಎತ್ತಿ ತೋರಿಸಿ, ಕೋಟ್ಯಂತರ ವರ್ಷ ಹಿಂದಿನ ಗಿಡವಿದು, ವಿಕಾಸಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಕೇಳಿದೆ. ಖಣಿಯಲ್ಲೇ ದುಡಿಯುತ್ತಿದ್ದ ವಿದ್ಯಾರ್ಥಿಯೊಬ್ಬನ ತಂದೆ ಎದ್ದು ಬಂದು, ಕಲ್ಲಿನ ಅಂಚಿಗೆ ಬೆರಳಿಟ್ಟು, "ಇದು ಎಲಿ ಅಲ್ರಿ ಸರ. ಸೀಳು ಇದ್ದಲ್ಲಿ ನೀರು ಇಳದು ಹಿಂಗ ಕಪ್ಪು ಮೂಡ್ತದ. ನಾವು ದಿನಾ ನೋಡ್ತೀವ್ರಿ" ಎಂದರು. ಅವರು ಬೆರಳಿಟ್ಟಲ್ಲಿ ನೋಡಿದರೆ ಕವಲುಗಳೆಲ್ಲವೂ ಕೂದಲೆಳೆಯಷ್ಟು ಸಣ್ಣ ಬಿರುಕಿನಿಂದಲೇ ಹೊರಟಿದ್ದವು.

ಅದು ಡೆಂಡ್ರೈಟ್. ಮ್ಯಾಂಗನೀಸ್, ಕಬ್ಬಿಣದ ಅಂಶವಿರುವ ನೀರು ಕಲ್ಲಿನ ಪದರಗಳ ಸಂದಿಗೆ ಇಳಿದಾಗ ಆ ಲೋಹಗಳ ಆಕ್ಸೈಡ್ ಕವಲೊಡೆಯುತ್ತ ಕೂತು ಮೂಡುವ ಚಿತ್ತಾರ. ಅದರಲ್ಲಿ ಎಲೆಯ ನರಗಳಿರುವುದಿಲ್ಲ. ಆದರೆ ನನ್ನ ತಪ್ಪು ಕಲ್ಲನ್ನು ಗುರುತಿಸದೆ ಹೋದದ್ದಕ್ಕೇ ಮುಗಿಯಲಿಲ್ಲ, ಇದನ್ನು ನೀವು ನಿಧಾನವಾಗಿ ಓದಬೇಕು. ಶಹಾಬಾದಿನ ಸುಣ್ಣಕಲ್ಲು 50 ಕೋಟಿ ವರ್ಷಗಳಿಗಿಂತ ಹಳೆಯದು. ಜರೀಗಿಡಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಕಳೆದ 40 ಕೋಟಿ ವರ್ಷಗಳೊಳಗೆ. ಅಂದಮೇಲೆ ಆ ಕಲ್ಲಿನಲ್ಲಿ ನಿಜವಾದ ಜರೀಗಿಡ ಸಿಕ್ಕಿದ್ದರೆ ಅದು ವಿಕಾಸವಾದವನ್ನು ಬುಡಮೇಲು ಮಾಡುತ್ತಿತ್ತು. ವಿಕಾಸವಾದವನ್ನು ಸುಳ್ಳಾಗಿಸಬಲ್ಲದ್ದು ಏನು ಎಂದು ಕೇಳಿದಾಗ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರು ಪ್ರೀಕೇಂಬ್ರಿಯನ್ ಶಿಲೆಯಲ್ಲಿನ ಮೊಲ, ಅಂದರೆ ಮೊಲಗಳು ಹುಟ್ಟುವುದಕ್ಕೆ ಬಹಳ ಮುಂಚಿನ ಕಲ್ಲಿನಲ್ಲಿ ಸಿಕ್ಕ ಮೊಲ, ಎಂದರೆಂದು ಹೇಳುತ್ತಾರೆ. ನಾನು ಸಾಕ್ಷಿಯೆಂದು ಎತ್ತಿ ಹಿಡಿದದ್ದು ಅದೇ ಜಾತಿಯದು. ಕಲ್ಲಿನ ವಯಸ್ಸು ನನಗೆ ಗೊತ್ತಿತ್ತು, ಗಿಡಗಳ ಚರಿತ್ರೆಯನ್ನೂ ಓದಿದ್ದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿಲ್ಲ, ಏಕೆಂದರೆ ಆಗ ಮನಸ್ಸೆಲ್ಲ ಗೆಲ್ಲುವುದರ ಮೇಲಿತ್ತು.

"ಹಂಗಾದ್ರ ಮ್ಯೂಸಿಯಮಿನ್ಯಾಗ ಇಟ್ಟಿದ್ದೂ ಹಿಂಗೇ ಇರಬಹುದಲ್ರಿ ಮಾಸ್ತರ?" ಎಂದು ಹಿರಿಯರೊಬ್ಬರು ಕೇಳಿದರು. ಅದಕ್ಕೆ ಉತ್ತರವಿತ್ತು, ಆದರೆ ಅದನ್ನು ನನ್ನ ಬಾಯಿಂದ ಕೇಳಲು ಅಲ್ಲಿ ಯಾರೂ ತಯಾರಿರಲಿಲ್ಲ. ಮುಂದೆ ತರಗತಿಯಲ್ಲಿ ಹಕ್ಕಿಯ ಗರಿ, ಸರೀಸೃಪದ ಹಲ್ಲು ಎರಡೂ ಇರುವ ಆರ್ಕಿಯಾಪ್ಟೆರಿಕ್ಸ್ ಪಳೆಯುಳಿಕೆಯ ಚಿತ್ರ ತೋರಿಸಿದರೂ ಮಕ್ಕಳು ಇದೂ ನೀರಿನ ಕಲೆಯೇ ಎಂದು ಕೇಳುತ್ತಿದ್ದರು. ಹಾಗೆ ಕೇಳುವ ಹಕ್ಕು ಅವರಿಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಾವ ಕಾಲದ ಪದರದಲ್ಲಿ ಏನು ಸಿಗುತ್ತದೆ, ಏನು ಸಿಗುವುದೇ ಇಲ್ಲ ಎಂಬ ಕ್ರಮದಲ್ಲಿ ವಿಕಾಸದ ಬಲವಿದೆ, ಬಿಡಿ ಕಲ್ಲಿನಲ್ಲಿಲ್ಲ. ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತು ಸಂಗಡಿಗರು, ಮೀನಿನ ವಂಶ ನೆಲದತ್ತ ಹೊರಳಿದ ಕಾಲದ ಶಿಲೆ ಎಲ್ಲಿ ಹೊರಗೆ ಕಾಣುತ್ತದೆ ಎಂದು ಮೊದಲು ವಿಚಾರಿಸಿ, ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಹುಡುಕಿ, 2004ರಲ್ಲಿ ಟಿಕ್ಟಾಲಿಕ್ ಅನ್ನು ಕಂಡರು. ಸುಮಾರು 37.5 ಕೋಟಿ ವರ್ಷ ಹಿಂದಿನ ಆ ಮೀನಿಗೆ ಹುರುಪೆಯೂ ಇತ್ತು, ಕುತ್ತಿಗೆಯೂ ಇತ್ತು, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳೂ ಇದ್ದವು. ಮಕ್ಕಳಿಗೆ ಆ ಮೀನಿಗಿಂತ ಹೆಚ್ಚಾಗಿ ಈ ಹುಡುಕಾಟವನ್ನು ಹೇಳಿ.

ಆಮೇಲೆ ನಮ್ಮ ನೆಲಕ್ಕೆ ಬನ್ನಿ. ನಿಮ್ಮ ಶಾಲೆಯ ನೆಲಕ್ಕೂ ಬಹುಶಃ ಶಹಾಬಾದ್ ಕಲ್ಲನ್ನೇ ಹಾಸಿರುತ್ತಾರೆ. ಅದರಲ್ಲಿ ಎಲೆಯಾಗಲಿ ಮೂಳೆಯಾಗಲಿ ಏಕಿಲ್ಲ ಎಂದು ಕೇಳಿ. ಬೀದರಿನ ಜಂಬಿಟ್ಟಿಗೆಯ ಕೆಳಗಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಅಂಥ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಗಳ ಕೆಸರಿನಲ್ಲಿ ಬಸವನಹುಳುವಿನ ಚಿಪ್ಪುಗಳು ಸಿಗುತ್ತವೆ. ಗುರುಮಠಕಲ್ ಕಡೆಯೂ ಇಂಥ ಕೆಸರಿನ ಪದರಗಳಿವೆ. ಇನ್ನೂ ಈಚೆಗೆ ಬಂದರೆ, ಸುರಪುರ ಸೀಮೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದ, ಶಹಾಬಾದಿನಂಥ ಸುಣ್ಣಕಲ್ಲಿನಿಂದ ಮಾಡಿದ ಕೈಗೊಡಲಿಗಳು ಸುಮಾರು 12 ಲಕ್ಷ ವರ್ಷ ಹಳೆಯವೆಂದು ಅಂದಾಜಿದೆ. ನಮ್ಮಂಥ ಮನುಷ್ಯರು ಆಗಿನ್ನೂ ಹುಟ್ಟಿರಲಿಲ್ಲ.

ಹಿರಿಯರೊಡನೆ ಸಭೆಯಲ್ಲಿ ವಾದಕ್ಕೆ ನಿಲ್ಲಬೇಡಿ, ದೇವರ ಮಾತನ್ನು ನೀವಾಗಿ ಎತ್ತಲೂ ಬೇಡಿ. ನಿಮ್ಮ ಪಾಠಕ್ಕೆ ಅದು ಬೇಕಿಲ್ಲ. ಆದರೆ ಅವರಿಗೆ ಹೆದರಿ ಪಾಠವನ್ನು ಮೊಟಕು ಮಾಡಬೇಡಿ. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಾಗ ದೇಶದ ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದ್ದು ಸುಮ್ಮನೆ ಅಲ್ಲ: ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಮರ್ಸ್, ಆರ್ಟ್ಸ್, ಐಟಿಐ ಸೇರುವ ಮಕ್ಕಳಿಗೆ ಇದನ್ನು ಕಲಿಸುವವರು ಮುಂದೆ ಯಾರೂ ಇರುವುದಿಲ್ಲ.