ಮಗಳು ಬೆಂಗಳೂರಿಗೆ, ಓಟಿಪಿ ಬ್ರಹ್ಮಾವರಕ್ಕೆ

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸಿಕ್ಕಿದೆ. ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ, ರಾತ್ರಿ ಅವಳ ಬಟ್ಟೆ ಮಡಚುತ್ತಾ ಅಳುವವಳೂ ನಾನೇ. ಅವಳೆದುರು ಅಳಬೇಡ ಎಂದು ಮನೆಯವರು ಬೈಯುತ್ತಾರೆ. ಏನು ಮಾಡಲಿ?
ಓರ್ವ ತಾಯಿ, ಬ್ರಹ್ಮಾವರ

ಉತ್ತರ: ಖುಷಿಯೂ ನಿಜ, ಸಂಕಟವೂ ನಿಜ. ಒಂದನ್ನು ಅದುಮಿಟ್ಟು ಇನ್ನೊಂದನ್ನು ತೋರಿಸಬೇಕಾಗಿಲ್ಲ. "ನೀನು ಹೋಗುವುದು ಖುಷಿ, ನಿನ್ನನ್ನು ಬಿಟ್ಟಿರುವುದು ಕಷ್ಟ" ಎಂದು ಒಮ್ಮೆ ಬಾಯಿಬಿಟ್ಟು ಹೇಳಿ, ಕಣ್ಣು ಒದ್ದೆಯಾದರೂ ಅಡ್ಡಿಯಿಲ್ಲ. ಕೆಡುವುದು ಯಾವಾಗ ಗೊತ್ತೇ? "ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ" ಎಂದು ದಿನಾ ಹೇಳತೊಡಗಿದಾಗ. ಆಗ ಅಮ್ಮನನ್ನು ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೆ ಬೀಳುತ್ತದೆ. ಮುಂದೆ ಹಾಸ್ಟೆಲಿನಲ್ಲಿ ಜ್ವರ ಬಂದರೂ ನಿಮಗೆ ಹೇಳಲಿಕ್ಕಿಲ್ಲ.

ಬಟ್ಟೆ ಮಡಚುವುದನ್ನು ಅವಳಿಗೇ ಬಿಡಿ, ನಿಮಗೆ ಬೇರೆ ಕೆಲಸ ಉಂಟು. ಬ್ಯಾಂಕ್ ಖಾತೆಗೂ ಆಧಾರಿಗೂ ನಿಮ್ಮ ನಂಬರನ್ನೇ ಕೊಟ್ಟಿದ್ದರೆ, ಅವಳು ಬೆಂಗಳೂರಿನಲ್ಲಿ ಫೀಸು ಕಟ್ಟಲು ನಿಂತಾಗ ಓಟಿಪಿ ಬರುವುದು ನಿಮ್ಮ ಅಡುಗೆಮನೆಗೆ. ಹೊರಡುವ ಮೊದಲೇ ಅವಳ ನಂಬರಿಗೆ ಬದಲಿಸಿ. 15 ತುಂಬಿದ ಮೇಲೆ ಆಧಾರಿಗೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಟ್ಟಿದ್ದೀರಾ ನೋಡಿ. ಖಾತೆ ಅಪ್ರಾಪ್ತ ವಯಸ್ಸಿನಲ್ಲಿ ತೆರೆದದ್ದಾದರೆ 18 ತುಂಬಿದಾಗ ಅವಳ ಸಹಿ, ಕೆವೈಸಿ ಮತ್ತೆ ಆಗಬೇಕು. ಹುಟ್ಟಿದ ದಿನ ಮೊದಲ ಸೆಮಿಸ್ಟರಿನ ನಡುವೆ ಬಂದರೆ ಪಜೀತಿ.

ಮದ್ದಿನ ಡಬ್ಬಿಯನ್ನು ಅವಳ ಕೈಯಿಂದಲೇ ತುಂಬಿಸಿ. ಭೇದಿಯಾದಾಗ ಕುಡಿಯುವ ಓಆರ್‌ಎಸ್‌ನಲ್ಲಿ ಹೆಚ್ಚಿನವರು ತಪ್ಪುವುದು ಅಳತೆಯಲ್ಲಿ: ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ, ಸಣ್ಣದು 200 ಮಿಲಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಜಾಸ್ತಿಯಾಗಿ ಭೇದಿ ಇನ್ನಷ್ಟು ಕೆಡಬಹುದು. ಪೊಟ್ಟಣದ ಮೇಲಿನದನ್ನು ಅವಳೇ ಓದಿ, ಒಮ್ಮೆ ಮನೆಯಲ್ಲೇ ಕಲಸಲಿ.

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಹಾದಿಯಲ್ಲೂ ಗುಡ್ಡ ಜರಿಯುವುದು ನಿಮಗೆ ಹೇಳಬೇಕಾಗಿಲ್ಲ. ಕಾಲೇಜು ಸೇರುವ ಹಿಂದಿನ ದಿನವೇ ತಲುಪುವಂತೆ ಟಿಕೆಟ್ ಮಾಡಿ.

ಮೊದಲ ವಾರಗಳಲ್ಲಿ ಅವಳು ರಾತ್ರಿ ಫೋನಿನಲ್ಲಿ ಅತ್ತರೆ ಮರುದಿನದ ಬಸ್ ಹತ್ತಬೇಡಿ. ರಾತ್ರಿ ಅತ್ತ ಮಗು ಬೆಳಿಗ್ಗೆ ಗೆಳತಿಯರ ಜೊತೆ ತಿಂಡಿಗೆ ಹೋಗಿರುತ್ತದೆ, ಇಲ್ಲಿ ನಿಮಗೆ ನಿದ್ದೆಯಿಲ್ಲ. ತಿಂಗಳಾದರೂ ಊಟ ಸೇರದೆ, ತರಗತಿ ತಪ್ಪಿಸುತ್ತಿದ್ದರೆ ಆಗ ಹೋಗಿ.

ಇನ್ನೊಂದು ಮಾತು. ನಿಮ್ಮ ವಯಸ್ಸು 45ರ ಆಚೀಚೆಯಾದರೆ ಮುಟ್ಟು ನಿಲ್ಲುವ ಕಾಲದ ನಿದ್ದೆಗೇಡು, ಸಿಡಿಮಿಡಿಯೂ ಇದರಲ್ಲಿ ಸೇರಿರಬಹುದು. ಎಲ್ಲವನ್ನೂ ಮಗಳ ಲೆಕ್ಕಕ್ಕೆ ಬರೆಯಬೇಡಿ, ವೈದ್ಯರಿಗೆ ತೋರಿಸಿ. ಎರಡು ವಾರ ದಾಟಿಯೂ ಹೆಚ್ಚಿನ ದಿನ ಊಟ, ನಿದ್ದೆ, ಕೆಲಸ ಯಾವುದೂ ಬೇಡವೆನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗನಿಗೆ 13. ಕೈಹಿಡಿದು ಬೀಚಿಗೆ ಬರುತ್ತಿದ್ದವನು ಈಗ ಬಾಗಿಲು ಹಾಕಿಕೊಳ್ಳುತ್ತಾನೆ. ಏನು ಕೇಳಿದರೂ "ಹುಂ". ನಾನು ಬೇಡವಾದೆನೇ?
ಒಬ್ಬ ತಂದೆ, ಸುರತ್ಕಲ್

ಉತ್ತರ: ಬೇಡವಾಗಿಲ್ಲ. ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ ಮೈ ಬದಲಾಗಲು ಶುರುವಾಗುತ್ತದೆ, ನಿದ್ದೆ ಬರುವ ಹೊತ್ತೂ ತಡವಾಗುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಬೇಗ ನಿದ್ದೆ ಬಾರದೆ, ಬೆಳಿಗ್ಗೆ ಬೇಗ ಎದ್ದು ಶಾಲೆಯ ಬಸ್ ಹಿಡಿಯುವ ಹುಡುಗನ "ಹುಂ"ನಲ್ಲಿ ಅರ್ಧ ನಿದ್ದೆಯದ್ದೇ.

ಎದುರು ಕೂರಿಸಿ ವಿಚಾರಿಸಬೇಡಿ, ಅದು ಪೊಲೀಸ್ ಠಾಣೆ. ಪಕ್ಕಪಕ್ಕ ಇರುವಾಗ ಮಾತು ತಾನಾಗಿ ಬರುತ್ತದೆ: ಸ್ಕೂಟರಿನಲ್ಲಿ, ಮೀನು ತರಲು ಹೋಗುವಾಗ, ತೆಂಗಿನಕಾಯಿ ಸುಲಿಯುವಾಗ. ಬಾಗಿಲು ತಟ್ಟಿ, ಉತ್ತರ ಬರುವ ತನಕ ನಿಲ್ಲಿ. ತಟ್ಟಿದೊಡನೆ ಒಳಗೆ ಹೊಕ್ಕರೆ ತಟ್ಟದ ಹಾಗೆಯೇ. ನೆಂಟರೆದುರು ಮೀಸೆ, ಒಡೆದ ಸ್ವರದ ತಮಾಷೆ ಖಂಡಿತ ಬೇಡ. ಗೆಳೆಯರನ್ನೂ ಆಟವನ್ನೂ ಬಿಟ್ಟು ಒಂಟಿಯಾದರೆ ಮಾತ್ರ ಆಪ್ತಸಮಾಲೋಚಕರನ್ನು ಕಾಣಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಸ್ಕೂಟರ್ ಕೇಳುತ್ತಿದ್ದಾನೆ. ಬಿಡುವುದನ್ನು ನೋಡಿದರೆ ಹೆಮ್ಮೆ, ರಸ್ತೆಗಿಳಿದರೆ ಭಯ. ಕೊಡಲೇ?
ಓದುಗ, ಕದ್ರಿ

ಉತ್ತರ: ಬೇಡ. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗಾಡಿಗೆ. ಶೋರೂಮಿನ ಪೆಟ್ರೋಲ್ ಸ್ಕೂಟರ್ ಸಾಮಾನ್ಯವಾಗಿ 110, 125 ಸಿಸಿ. ಕಾನೂನು ಮೀರಿ ಕೊಟ್ಟು ಸಿಕ್ಕಿಬಿದ್ದರೆ ನಿಮಗೆ 25,000 ರೂಪಾಯಿ ದಂಡದ ಜೊತೆ 3 ವರ್ಷದ ತನಕ ಜೈಲಾಗಬಹುದು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. 18 ತುಂಬಿದ ಮೇಲೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಐಎಸ್‌ಐ ಗುರುತಿನ ಹೆಲ್ಮೆಟ್ ಮಾತ್ರ ಈಗಲೇ ಕೊಡಿಸಿ, ನಿಮ್ಮ ಹಿಂದೆ ಕೂರುವವನಿಗೂ ಅದು ಕಡ್ಡಾಯ.